ಶಹನಾಯಿಯ ಕೆಳಗೆ

ಮೂರನೆಯ ಹೆಡ್‌ಫೋನನ್ನು ತಲೆಗೇರಿಸಿಕೊಂಡು, ಕನ್ನಡಕದ ಕಡ್ಡಿಗಳನ್ನು ಮೆತ್ತೆಯ ಅಡಿಯಿಂದ ಬಿಡಿಸಿಕೊಂಡು, ವ್ಯಾಸರಾಯರು ಕಣ್ಣು ಮುಚ್ಚಿದರು. ಸೂಪರ್ ಮಾರ್ಕೆಟ್ಟಿನ ಆ ಇಕ್ಕಟ್ಟಾದ ಅಂಗಡಿಯ ಹೊರಗಿನ ಆಟೋಗಳ ಗದ್ದಲವೂ ಹಣ್ಣಿನ ಗಾಡಿಯವರ ಕೂಗೂ ಯಾರೋ ಬಾಗಿಲು ಮುಂದೆ ಮಾಡಿದಂತೆ ದೂರ ಸರಿದವು. ಅಂಗಡಿಯ ಸಿಕಂದರ್ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಸೀಡಿಯಲ್ಲಿ ತಬಲಾದ ಸದ್ದು ಬಲಗಡೆ ಹುಟ್ಟಿ, ತಲೆಯ ನಟ್ಟನಡುವೆ ಹಾಯ್ದು, ಎಡಕ್ಕೆ ಓಡಿಹೋಗಬೇಕಾಗಿತ್ತು. ಅಂಗಡಿಗೆ ಬಂದವರು ಆ ಓಟಕ್ಕೇ ಬೆರಗಾಗಿ ಕೊಳ್ಳುತ್ತಿದ್ದರು. ವ್ಯಾಸರಾಯರ ತಲೆಯಲ್ಲಿ ಮಾತ್ರ ಅದು ನಡುವಿನವರೆಗೆ ಬಂದು, ಹಾಳುಬಾವಿಯಲ್ಲಿ ಕಾಲಿಟ್ಟಂತೆ, ಇಲ್ಲವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಲದಲ್ಲಿ ಹುಟ್ಟಿ ಮತ್ತೆ ಅದೇ ಬಾವಿಯ ಕಡೆಗೆ ಹೊರಡುತ್ತಿತ್ತು.

“ಎಡಗಡೀದು ಇದರಾಗೂ ಮಂದ ಅದ,” ಎಂದರು. ತಮ್ಮ ದನಿ ಎಷ್ಟು ಎತ್ತರಕ್ಕೆ ಏರಿತ್ತೆಂಬುದು, ಟೇಪ್‌ರಿಕಾರ್ಡರಿನ ವ್ಯಾಪಾರ ಮಾಡುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದಾಗಲೇ ಅವರಿಗೆ ತಿಳಿದದ್ದು.

“ಮೂರಕ್ಕ ಮೂರೂ ಮಂದ ಅದಾವಂದ್ರ ಹ್ಯಾಂಗ್ರೀ ಸಾಹೇಬ್ರ?” ಎಂದ ಸಿಕಂದರ್. “ಕಂಪನಿಯವ್ರೆಲ್ಲಾ ಕೂಡಿ ನಿಮ್ಮ ಮ್ಯಾಲೇ ಖುನ್ನಸ್ ಇಟ್ಟಾರೇನು?”

ಹೆಂಗಸರು ನಕ್ಕರು. ವ್ಯಾಸರಾಯರೂ ನಗಬೇಕಾಯಿತು. ಇನ್ನೊಂದು ಬಗೆಯದನ್ನು ತೆಗೆಯಲು ಸಿಕಂದರ್ ಸ್ಟೂಲು ಹತ್ತಿ ಬೆನ್ನು ತಿರುಗಿಸಿದ ಕ್ಷಣದಲ್ಲಿ, ತಾವು ಮಾಡುತ್ತಿರುವುದನ್ನು ತಮ್ಮಿಂದಲೂ ಮರೆಮಾಚುವವರಂತೆ, ಅವರು ಹೆಡ್‌ಫೋನನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಕೊಂಡರು: ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ದೋಷ ಹೆಡ್‌ಫೋನಿನದಾಗಿದ್ದರೆ ಆ ಮಂದತ್ವ ಈಗ ಬಲಕ್ಕೆ ಬರಬೇಕಾಗಿತ್ತು. ಬರಲಿಲ್ಲ. ಇದುವರೆಗೆ ಸತ್ತಂತಿದ್ದ ಬಟ್ಟಲಿನಿಂದಲೇ ತಬಲಾದ ಪ್ರತಿಯೊಂದು ಪೆಟ್ಟೂ ಬಲಗಿವಿಯಲ್ಲಿ ಸ್ಪಷ್ಟವಾಗಿ ಮಿಡಿಯಿತು; ಮೌನ ಮಾತ್ರ ಸ್ವಂತ ಮನೆಯಲ್ಲಿ ಕುಳಿತ ಯಜಮಾನನಂತೆ ಎಡದಲ್ಲಿಯೇ ಕುಳಿತಿತ್ತು. ಸಿಕಂದರ್ ಇತ್ತ ತಿರುಗುವುದರೊಳಗೆ, ಜಾರಿದ ಧೋತರವನ್ನು ಬಿಗಿಮಾಡಿಕೊಳ್ಳುವವನ ಅವಸರದಿಂದ, ವ್ಯಾಸರಾಯರು ಅದನ್ನು ಸರಿಯಾಗಿ ತಿರುಗಿಸಿಕೊಂಡರು.

ಎಡಗಿವಿ ಟೆಲಿಫೋನ್ ಇಲಾಖೆಯದು, ಬಲಗಿವಿ ಮನೆಯದು ಎಂದು ಅವರು ಚೇಷ್ಟೆ ಮಾಡುತ್ತಿದ್ದ ಕಾಲವೊಂದಿತ್ತು. ದೂರದ ಕರೆಗಳನ್ನು ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತರೆ, ತಲೆಯ ಮೇಲೆ ತಗಡಿನ ಪಟ್ಟಿ, ಎಡಗಿವಿಗೆ ಒಂದೇ ಒಂದು ಕರಿಯ ಬಟ್ಟಲು, ಎದುರಿಗೆ ನೂರಾರು ತೂತುಗಳ ಹಲಗೆ. ಸೊಲ್ಲಾಪುರ, ಹೈದರಾಬಾದ, ರಾಯಚೂರು ಎಂದು ಊರೂರುಗಳನ್ನು ತಂತಿಯ ಹಗ್ಗದಿಂದ ಕಟ್ಟಿ ಬಿಚ್ಚುವ ಕೆಲಸ. ‘ಹಲೋ’ ಎನ್ನುವ ಮೊದಲೇ, ಬರಿಯ ಉಸಿರಿನಿಂದ, ಇವರು ದಾಲ್ ಮಿಲ್ಲಿನ ದೌಲಪ್ಪನವರು, ಇವರು ಐವಾನ್-ಎ-ಶಾಹಿಯ ಅತಿಥಿಗೃಹದವರು ಎಂದು ಹೇಳಬಲ್ಲ ಕಿವಿ ಅದು. ಹಗ್ಗದ ಹಲಗೆ ಹೋಗಿ ಯಂತ್ರ ಬಂತು. ಕಿವಿಯ ಕೆಲಸ ಮುಗಿಯಿತೆಂದು ಅವರನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಗೆ ಹಾಕಿದರು. ಅಲ್ಲಿ ಜನ ಕಿಟಕಿಯ ಕಿಂಡಿಯಿಂದ ಮಾತಾಡುತ್ತಿದ್ದರು. ಇವರು ಮುಂದೆ ಬಾಗಿ, ಬಲಗಡೆಗೆ ಕತ್ತು ಹೊರಳಿಸಿ, ಏನಂದ್ರಿ ಎನ್ನುತ್ತಿದ್ದರು. ಕಿಟಕಿ ಸಣ್ಣದು, ಜನ ಒಟ್ಟಿಗೇ ಒದರುವವರು, ಅದಕ್ಕೇ ಕೇಳಿಸುವುದಿಲ್ಲ ಎಂದು ಆಗ ಅಂದುಕೊಂಡದ್ದನ್ನು, ಈಗ ಕೈಯಲ್ಲಿ ನಾಲ್ಕನೆಯ ಹೆಡ್‌ಫೋನು ಹಿಡಿದು, ನೆನೆಯಬಾರದೆಂದು ನೆನೆದರು.

ಸಿಕಂದರನ ಅಂಗಡಿಗೆ ಬಂದಾಗಲೆಲ್ಲ ಅವರು ಒಂದು ಉಪನ್ಯಾಸವನ್ನೇ ಮಾಡುತ್ತಿದ್ದರು. ಮನೆಯಲ್ಲಿ ಕುಳಿತು ಹಾಡು ಕೇಳುವ ಹೆಡ್‌ಫೋನು ಬೇರೆ, ವಿಡಿಯೋ ಕತ್ತರಿಸಿ ಜೋಡಿಸುವವನ ಹೆಡ್‌ಫೋನು ಬೇರೆ. ಹಾಡಿನದು ಮುಖಸ್ತುತಿ ಮಾಡುವ ನೆಂಟನಿದ್ದಂತೆ. ಮದ್ದಳೆಗೆ ಇಲ್ಲದ ಗಾಂಭೀರ್ಯ ಕೊಡುತ್ತದೆ, ಹಳೆಯ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ಸೆರಗಿನಡಿ ಮುಚ್ಚಿಡುತ್ತದೆ. ಕೆಲಸದ್ದು ಹಾಗಲ್ಲ, ಅದು ಒಣಗಿದ ಸ್ವಭಾವದ್ದು, ಇದ್ದದ್ದನ್ನು ಇದ್ದಂತೆ ಹೇಳುತ್ತದೆ, ದನಿ ಒಡೆದಿದ್ದರೆ ಒಡೆದಿದೆ ಎಂದೇ ಹೇಳುತ್ತದೆ. ಎರಡನ್ನೂ ಒಂದರಲ್ಲಿಯೇ ಹುಡುಕುವವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಇದನ್ನೆಲ್ಲ ಸಿಕಂದರ್ ಹೌದ್ರೀ ಹೌದ್ರೀ ಎನ್ನುತ್ತಲೇ ಕೇಳಿ, ಕೊನೆಗೆ ಎಲ್ಲಕ್ಕಿಂತ ಹೆಚ್ಚು ಗುಡುಗುವುದನ್ನೇ ತೆಗೆದು ಮುಂದಿಡುತ್ತಿದ್ದ. ನೌಕರಿಯಲ್ಲಿರುವಾಗಲೇ ವ್ಯಾಸರಾಯರಿಗೆ ಅಂಟಿದ ಹವ್ಯಾಸವಿದು, ನಿವೃತ್ತಿಯ ಮೇಲೆ ಪೂರ್ತಿ ಕೆಲಸವೇ ಆಯಿತು. ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರು. ಅದಕ್ಕೂ ಮೊದಲು ಎರಡು ವಿಸಿಆರ್‌ಗಳನ್ನು ತಂತಿಯಿಂದ ಬೆಸೆದು ನಡೆಸಿದ ಕಾರಭಾರ. ನೆಂಟರಿಷ್ಟರ ಮುಂಜಿ, ಮದುವೆ, ಸತ್ಯನಾರಾಯಣ ಪೂಜೆ ಎಲ್ಲವೂ ಅವರ ಕ್ಯಾಮೆರಾದಿಂದ ಹಾಯ್ದು, ಅವರ ಕತ್ತರಿಯಿಂದ ಇಳಿದು, ಹಿನ್ನೆಲೆಗೆ ಸಂಗೀತ ಧರಿಸಿಕೊಂಡು, ಬಣ್ಣದ ಹೊದಿಕೆಯ ಕ್ಯಾಸೆಟ್ಟಾಗಿ ಅವರವರ ಮನೆಯ ಕಪಾಟು ಸೇರುತ್ತಿದ್ದವು.

ಆ ಸಂಗೀತದ ಮಾತು ಬಂದಾಗಲೇ ಭಾವನ ತಮ್ಮ ವಾಮನರಾಯರು ಚುಚ್ಚಿದ್ದು. ಕಮಲಾಪುರದಲ್ಲಿ, ಅಕ್ಕನ ಗಂಡ, ಭಾವ ಪ್ರಲ್ಹಾದರಾಯರ ವರ್ಷಾಂತಿಕ ಮುಗಿದು, ಬ್ರಾಹ್ಮಣರೆಲ್ಲ ಎದ್ದುಹೋಗಿ, ಮನೆಯವರಷ್ಟೇ ಉಳಿದ ಮಧ್ಯಾಹ್ನ. ಯಾರಿಗೆ ಮೊದಲು ಹೊಳೆಯಿತೋ, ಷಷ್ಟ್ಯಬ್ದಿಯ ಕ್ಯಾಸೆಟ್ಟು ಹಾಕಿರಿ, ಅವರ ಮುಖವನ್ನಾದರೂ ನೋಡೋಣ ಎಂದರು. ಟೀವಿಯ ಮುಂದೆ ಎಲ್ಲರೂ ಕುಳಿತರು. ಅಕ್ಕ ಬಾಗಿಲ ಹತ್ತಿರ, ಗೋಡೆಗೆ ಒರಗಿ. ಕಲಶ, ಹೋಮ, ಆರತಿ, ಊಟದ ಪಂಕ್ತಿ. ಎಲ್ಲದರ ಮೇಲೂ ಶಹನಾಯಿ. ಕೊನೆಗೆ ಹಿತ್ತಿಲು. ಕೆಂಬಾಳೆಯ ಗಿಡಗಳ ನಡುವೆ, ಹೆಗಲ ಮೇಲೆ ಜರಿಯ ಶಲ್ಯ, ಕೈಯಲ್ಲಿ ಒಂದು ಕೆಂಪು ಹಣ್ಣು ಹಿಡಿದು ಭಾವ ನಿಂತಿದ್ದಾರೆ. ಕ್ಯಾಮೆರಾದ ಕಡೆಗಲ್ಲ, ಅದರ ಆಚೆಗೆ ನೋಡುತ್ತಾರೆ. ತುಟಿ ಎರಡು ಸಲ ತೆರೆದು ಮುಚ್ಚುತ್ತದೆ. ಏನೋ ಅಂದು, ನಕ್ಕು, ಕೈಬೀಸಿ, ಆಮೇಲೆ ಎನ್ನುವಂತೆ ತಲೆಯಾಡಿಸುತ್ತಾರೆ. ಶಹನಾಯಿ ಒಂದು ಸ್ವರವನ್ನೂ ತಪ್ಪದೆ ನುಡಿಯುತ್ತಲೇ ಇರುತ್ತದೆ.

ಅಕ್ಕ ಗೋಡೆಯಿಂದ ಬೆನ್ನು ಎತ್ತಿದ್ದಳು. ಅಂದು ಆರತಿಯ ತಟ್ಟೆ ಹಿಡಿದು ವ್ಯಾಸರಾಯರ ಬೆನ್ನ ಹಿಂದೆಯೇ ತಾನು ನಿಂತಿದ್ದೆನೆಂದೂ, ಗಂಡ ಅಂದದ್ದು ತನಗೇ ಎಂದೂ, ಏನು ಎಂದು ತಾನು ಕೇಳಿದಾಗ ಅಂಗಳದಲ್ಲಿ ವಾಜಂತ್ರಿಯವರು ಒಮ್ಮೆಲೇ ಬಾರಿಸತೊಡಗಿದರೆಂದೂ, ಆಮೇಲೆ ಹೇಳುತ್ತೇನೆ ಎಂದು ಕೈಬೀಸಿದವರು ಹೇಳಲೇ ಇಲ್ಲವೆಂದೂ, ಕೇಳುವುದನ್ನು ತಾನೂ ಮರೆತೆನೆಂದೂ ಅವಳು ನಿಧಾನವಾಗಿ, ಬೇರೆ ಯಾರದೋ ಸಂಗತಿಯನ್ನು ಹೇಳುವಂತೆ ಹೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ನೀ ಎದುರಿಗೇ ಇದ್ದಿಯಲ್ಲೋ ವ್ಯಾಸಾ. ಏನಂದ್ರು ಅವರು?”

“ವ್ಯಾಸರಾಯರಿಗೆ ಏನ್ ಕೇಳ್ತೀರಿ ವೈನಿ,” ಎಂದರು ವಾಮನರಾಯರು, ಎಲೆಯಡಿಕೆ ಮಡಿಚುತ್ತ. “ಅವರು ಮದಿವ್ಯಾಗ ಮಂಗಳಾಷ್ಟಕಾನೂ ಮುಚ್ಚಿ ಹಾಡ ಹಚ್ಚವರು. ದೇವರು ಪ್ರತ್ಯಕ್ಷ ಆಗಿ ವರಾ ಕೊಟ್ಟರೂ ಮ್ಯಾಲೊಂದು ಶಹನಾಯಿ ಹಾಕಿ ಕೊಡ್ತಾರ.”

ಎಲ್ಲರೂ ನಕ್ಕರು, ತಿಥಿಯ ಮನೆಯಲ್ಲಿ ನಗುವುದಕ್ಕೆ ಒಂದು ನೆವ ಸಿಕ್ಕಿದ್ದಕ್ಕೆ ಸಮಾಧಾನಗೊಂಡು ನಕ್ಕರು. ಅಕ್ಕ ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದಳು. ಆಗ ವ್ಯಾಸರಾಯರ ಬಾಯಿಂದ ಆ ಮಾತು ಹೊರಟಿತು. ಹಾಡಿನ ಕೆಳಗೆ ಮೂಲದ ದನಿಯನ್ನು ನಾನೆಂದೂ ಪೂರ್ತಿ ಅಳಿಸುವುದಿಲ್ಲ; ತುಸು ಉಳಿಸಿರುತ್ತೇನೆ; ಅದು ಅಲ್ಲಿ ಇದ್ದೇ ಇದೆ; ಕಂಪ್ಯೂಟರಿನಲ್ಲಿ ಶಹನಾಯಿಯನ್ನು ಸೋಸಿ, ಒಳ್ಳೆಯದೊಂದು ಹೆಡ್‌ಫೋನು ಹಚ್ಚಿ ಕೇಳಿದರೆ ತೆಗೆಯಬಹುದು; ತೆಗೆದುಕೊಡುತ್ತೇನೆ. ಅಕ್ಕ ತಲೆಯಾಡಿಸಿದಳು. ತಮ್ಮನ ಮಾತನ್ನು ಅವಳು ಎಂದೂ ಎರಡನೆಯ ಸಲ ಕೇಳಿದವಳಲ್ಲ. ಮೂಲದ ಟೇಪು ಇದೆಯೇ ಎಂದು ಯಾರೂ ಕೇಳಲಿಲ್ಲ. ಆ ಟೇಪಿನ ಮೇಲೆ ಮರುತಿಂಗಳೇ ಸೇಡಂ ಕಡೆಯ ಒಂದು ಮುಂಜಿ ಹತ್ತಿತ್ತು. ವಟುವಿನ ಸೋದರಮಾವ ಕುಣಿದದ್ದೆಲ್ಲ ಭಾವನ ಮಾತಿನ ಮೇಲೆಯೇ.

“ಎರಡೂ ಒಯ್ಯಿರಿ,” ಎನ್ನುತ್ತಿದ್ದ ಇತ್ತ ಅಂಗಡಿಯಲ್ಲಿ ಸಿಕಂದರ್. “ಮನ್ಯಾಗ ಕುಂತು ಆರಾಮಾಗಿ ಪಸಂದ್ ಮಾಡ್ರಿ. ಬ್ಯಾಡಾದ್ದು ವಾಪಸ್ ತರ್ರಿ. ಸೀರಿ ಒಯ್ಯಂಗಿಲ್ಲೇನು ಅಮ್ಮಾರು?” ಸೀರೆಯ ಅಂಗಡಿಯವರು ಗಂಟು ಕಟ್ಟಿ ಮನೆಗೆ ಕಳುಹಿಸುವಂತೆ ಅವನು ಎರಡು ಪೆಟ್ಟಿಗೆಗಳನ್ನು ಚೀಲದಲ್ಲಿಟ್ಟು ಕೊಟ್ಟ: ಒಂದು ಕೆಲಸದ್ದು, ಬಿಗಿಯಾದ, ಒಣ ದನಿಯ, ಕಿವಿಯನ್ನು ಪೂರ್ತಿ ಮುಚ್ಚುವಂಥದು, ಇನ್ನೊಂದು ಹಾಡಿನದು, ಮೆತ್ತಗಿನ ಮಖಮಲ್ಲಿನ ಬಟ್ಟಲುಗಳದ್ದು. ವ್ಯಾಸರಾಯರು ನಡೆದೇ ಹೊರಟರು. ಹಿಂದಿನಿಂದ ಬಂದ ಸೈಕಲ್ಲು ಎಡಗಡೆಯಿಂದ ತೀರ ಮೈಗೆ ತಗುಲಿದಂತೆ ಹಾಯ್ದು, ಅದರ ಮೇಲಿದ್ದವನು ತಿರುಗಿ ಏನೋ ಒದರಿದ. ಗಂಟೆ ಬಾರಿಸಿದ್ದನೇ? ಬಾರಿಸಿದ್ದಿರಬೇಕು.

ಭಾವನ ದನಿಯನ್ನು ನೆನೆಯಲು ನೋಡಿದರೆ ದನಿ ಬರುತ್ತಿರಲಿಲ್ಲ, ಕರೆಯುವ ರೀತಿ ಬರುತ್ತಿತ್ತು. ಹೆಂಡತಿಯ ಹೆಸರನ್ನು ಅವರು ಜನ್ಮದಲ್ಲಿ ಉಚ್ಚರಿಸಿದವರಲ್ಲ. ಅಂಗಳದಲ್ಲಿ ನಿಂತು, ಮನೆಯ ತುಂಬ ಜನ ಇರುವಂತೆ, “ಒಳಗ ಯಾರದಾರ?” ಎನ್ನುತ್ತಿದ್ದರು. ಓಗೊಡುತ್ತಿದ್ದವಳು ಅಕ್ಕ ಒಬ್ಬಳೇ, ಬಂದೆ ಎನ್ನುತ್ತಿದ್ದಳು. ಆ ಮನೆಗೆ ಅವಳು ಹೆಸರು ಬಿಟ್ಟೇ ಹೋದವಳು. ತವರಿನಲ್ಲಿ ಅವಳು ಗೋದಾವರಿ, ಎಲ್ಲರ ಗೋದಾ, ವ್ಯಾಸನಿಗೆ ಗೋದಕ್ಕ. ಆದರೆ ಅವಳ ಅತ್ತೆಯ ಹೆಸರೂ ಗೋದಾವರಿಬಾಯಿ. ಹಿರಿಯ ಮುತ್ತೈದೆಯ ಹೆಸರನ್ನು ಸೊಸೆಯ ಮೇಲಿಟ್ಟು ದಿನಾ ಕರೆಯುವುದುಂಟೇ, ಮಗನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದುಂಟೇ? ಮದುವೆಯ ದಿನ ತಟ್ಟೆಯ ತುಂಬ ಅಕ್ಕಿ ಹರವಿ, ಭಾವನ ಕೈಗೆ ಬಂಗಾರದ ಉಂಗುರ ಕೊಟ್ಟು, ಹೊಸ ಹೆಸರು ಬರೆಸಿದರು: ಸಾವಿತ್ರಿ. ಇನ್ನೂ ಚಡ್ಡಿ ಹಾಕುತ್ತಿದ್ದ ವ್ಯಾಸ ಅಕ್ಕಿಯ ಮೇಲೆ ಅಕ್ಷರ ಮೂಡುವುದನ್ನು ನೋಡುತ್ತ, ಅಕ್ಕನನ್ನು ಯಾರೋ ಒರೆಸಿ ಹಾಕುತ್ತಿರುವಂತೆ ಅಳತೊಡಗಿದ್ದ. ಮೊದಲ ಸಲ ಕಮಲಾಪುರಕ್ಕೆ ಹೋದಾಗ ಬಾಗಿಲಲ್ಲಿ ಗೋದಕ್ಕಾ ಎಂದು ಕೂಗಿದ. ಅತ್ತೆ ಹೊರಗೆ ಬಂದು, “ಯಾರಪಾ ನನ್ನ ಹೆಸರು ಹಿಡದು ಕೂಗವಾ?” ಎಂದರು. ಹಿಂದೆ ನಿಂತಿದ್ದ ಅಕ್ಕ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳು ಬರಿಯ ಅಕ್ಕ. ಅತ್ತೆ ತೀರಿಕೊಂಡ ಮೇಲೂ ಆ ಹೆಸರಿಗೆ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ಮನೆಗೆ ಬಂದವರೇ ಪಡಸಾಲೆಯಲ್ಲಿ ಕುಳಿತು, ಕೆಲಸದ ಹೆಡ್‌ಫೋನನ್ನು ಕಂಪ್ಯೂಟರಿಗೆ ಚುಚ್ಚಿ, ಕ್ಯಾಸೆಟ್ಟಿನಿಂದ ಇಳಿಸಿಕೊಂಡಿದ್ದ ಹಿತ್ತಿಲ ದೃಶ್ಯವನ್ನು ತೆರೆದರು. ಪರದೆಯ ಮೇಲೆ ದನಿ ಒಂದು ಗೆರೆಯಾಗಿ, ಏರಿಳಿಯುವ ಬೆಟ್ಟದ ಸಾಲಾಗಿ ಹಬ್ಬಿತ್ತು. ಇದಿಷ್ಟೂ ಶಹನಾಯಿ, ಇದರ ಬುಡದಲ್ಲೆಲ್ಲೋ ಭಾವ. ಏರುದನಿಯನ್ನು ಕತ್ತರಿಸಿದರು; ಶಹನಾಯಿಗೆ ನೆಗಡಿಯಾದಂತಾಯಿತು, ಹೋಗಲಿಲ್ಲ. ಇಳಿದನಿಯನ್ನು ಕತ್ತರಿಸಿದರು, ಅದು ಡಬ್ಬಿಯೊಳಗಿನ ಜೀರುಂಡೆಯಾಯಿತು, ಹೋಗಲಿಲ್ಲ. ಮನುಷ್ಯನ ಮಾತು ಇರಬೇಕಾದ ನಡುವಿನ ಪಟ್ಟಿಯನ್ನಷ್ಟೇ ಉಳಿಸಿ ಏರಿಸಿದರೆ, ಶಹನಾಯಿಯೂ ಮನುಷ್ಯನಂತೆಯೇ ಅಲ್ಲಿ ಕುಳಿತಿತ್ತು. ಹೆಡ್‌ಫೋನು ತನ್ನ ಸ್ವಭಾವಕ್ಕೆ ತಕ್ಕಂತೆ ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿತ್ತು. ಇಲ್ಲದ್ದನ್ನು ಇಲ್ಲ ಎನ್ನುತ್ತಿತ್ತೋ, ಇದ್ದದ್ದು ತಮ್ಮ ಕಿವಿಯನ್ನು ಮುಟ್ಟುತ್ತಿರಲಿಲ್ಲವೋ ಎಂಬಲ್ಲಿಗೆ ಬಂದಾಗಲೆಲ್ಲ ವ್ಯಾಸರಾಯರ ಕೈ ಮೌಸಿನ ಮೇಲೆ ನಿಂತುಬಿಡುತ್ತಿತ್ತು. ಯಂತ್ರ ಕೆಟ್ಟಿದ್ದರೆ ಯಂತ್ರದಿಂದ ತಿಳಿಯಬಹುದು. ತಿಳಿಯುವ ಸಾಧನವೇ ಕೆಟ್ಟಾಗ ಯಾವುದರಿಂದ ತಿಳಿಯುವುದು?

ಕೊನೆಗೆ ಸುಮತಿಯನ್ನು ಕರೆದರು. ಹೆಂಡತಿಯನ್ನು ಕರೆಯುವ ಮೊದಲು ಎರಡು ಸಲ ಎದ್ದು ಎರಡು ಸಲ ಕುಳಿತಿದ್ದರು. ಟೀವಿಯ ದನಿ ಓಣಿಗೆಲ್ಲ ಕೇಳಿಸುತ್ತದೆ ಎಂದು ಅವಳು ಬಹಳ ದಿನಗಳಿಂದ ಅನ್ನುತ್ತಿದ್ದಳು. ಅದಕ್ಕೆ ಅವರು, ಟೀವಿಯ ಸ್ಪೀಕರು ಹಳೆಯದಾಗಿದೆ ಎನ್ನುತ್ತಿದ್ದರು. ಹೊಸ ಹೆಡ್‌ಫೋನು ಹೇಗಿದೆ ನೋಡು ಎಂಬ ನೆವದಿಂದ, ಏನು ಕೇಳಬೇಕೆಂದು ಹೇಳದೆಯೇ, ಅವಳ ತಲೆಗೆ ಏರಿಸಿದರು. ಸುಮತಿ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದು, ಹುಬ್ಬು ಗಂಟಿಕ್ಕಿ ಆಲಿಸಿದಳು. ವ್ಯಾಸರಾಯರು ಅವಳ ಮುಖವನ್ನು, ಪರೀಕ್ಷೆಯ ಫಲಿತಾಂಶ ಅಂಟಿಸಿದ ಗೋಡೆಯನ್ನು ನೋಡುವವನಂತೆ ನೋಡಿದರು.

“ಶಹನಾಯಿ ಅದ,” ಎಂದಳು. “ಅದರ ಹಿಂದ ಏನೋ ಭುಸ್ಸ್ ಭುಸ್ಸ್ ಅಂತದ.”

“ಮಾತು? ಯಾರರೆ ಮಾತಾಡಿಧಂಗ?”

“ಮಾತಲ್ರೀ. ಉಸರು.” ಇನ್ನಷ್ಟು ಆಲಿಸಿ, ನಕ್ಕು ತೆಗೆದಳು. “ನಿಮ್ಮದಽ ಉಸರು. ಕ್ಯಾಮೆರಾ ಮಾರಿಗೆ ಹಚಿಗೊಂಡು ನಿಂತಿರ್ತೀರಲ್ಲ. ದಿನಾ ಬಾಜೂಕ ಮಲಗೋಕಿಗೆ ಗೊತ್ತಾಗಂಗಿಲ್ಲೇನು?”

ಅವಳು ಒಳಗೆ ಹೋದಳು. ವ್ಯಾಸರಾಯರು ಪರದೆಯ ಮೇಲೆ ನಿಂತುಹೋದ ಭಾವನ ಅರೆತೆರೆದ ಬಾಯಿಯನ್ನು ನೋಡುತ್ತ ಕುಳಿತರು. ಊರ ಜನರ ಉಸಿರನ್ನೆಲ್ಲ ಗುರುತಿಸುತ್ತಿದ್ದವರ ಉಸಿರು. ಭಾವ ಮಾತಾಡಿದ ಹೊತ್ತಿನಲ್ಲಿ ಮೈಕಿಗೆ ಅವರಿಗಿಂತ ಹತ್ತಿರ ನಿಂತು, ಅವರಿಗಿಂತ ಜೋರಾಗಿ, ತಾವು ಉಸಿರಾಡುತ್ತಿದ್ದರು. ಆ ಗಳಿಗೆಯನ್ನು ಒಳಗಿನಿಂದ ನೆನೆಯಲು ಮತ್ತೊಮ್ಮೆ ಯತ್ನಿಸಿದರು. ಬ್ಯಾಟರಿಯ ಕೆಂಪು ದೀಪ ಮಿಣಕುತ್ತಿದ್ದದ್ದು ನೆನಪಿದೆ. ಬಾಳೆಯ ಎಲೆ ಗಾಳಿಗೆ ಅಲುಗಿ ಮುಖದ ಮೇಲೆ ನೆರಳು ಬೀಳುತ್ತಿದ್ದದ್ದು, ಅದು ಸರಿಯಲಿ ಎಂದು ಕಾದದ್ದು, ಹಣ್ಣಿನ ಕೆಂಪು ಎಷ್ಟು ಚೆನ್ನಾಗಿ ಬಂದಿದೆ ಎಂದು ಹಿಗ್ಗಿದ್ದು ನೆನಪಿದೆ. ಕ್ಯಾಮೆರಾದಿಂದ ಒಂದು ಇಯರ್‌ಫೋನು ಬಂದು ತಮ್ಮ ಕಿವಿಯಲ್ಲಿ ಇತ್ತೆಂಬುದೂ ನೆನಪಿದೆ. ಯಾವ ಕಿವಿಯಲ್ಲಿ? ಕೇಳಬೇಕಾಗಿಯೇ ಇರಲಿಲ್ಲ. ಇಲಾಖೆಯ ಕಿವಿಯಲ್ಲಿ. ಜಗತ್ತಿನ ಮಾತನ್ನೆಲ್ಲ ಅವರು ಆ ಕಿವಿಗೇ ಕೊಡುತ್ತಿದ್ದರು.

ಆಮೇಲಿನ ದಿನಗಳಲ್ಲಿ ಎರಡು ವಿಸಿಆರ್‌ಗಳ ನಡುವೆ ಕುಳಿತು ಸಂಗೀತ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂದು ಆಯ್ದಾಗಲೂ ಅದೇ ಕಿವಿ. ಭಟ್ಟರ ಸಂಕಲ್ಪವನ್ನು ಉಳಿಸಿದ್ದರು, ಆರತಿಯ ಹಾಡನ್ನು ತುಸು ಉಳಿಸಿದ್ದರು. ಹಿತ್ತಿಲಿಗೆ ಬಂದಾಗ ಶಹನಾಯಿಯನ್ನು ಪೂರ್ತಿ ಏರಿಸಿದ್ದರು. ಇಷ್ಟು ದಿನ ಅದನ್ನು ರೂಢಿಯ ಮೇಲೆ ಹಾಕಿದ್ದರು. ವಿಡಿಯೋ ಎಂದರೆ ಹಾಡು ಹಚ್ಚಲೇಬೇಕು, ಜನಕ್ಕೆ ಅದೇ ಬೇಕು. ಈಗ, ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬಿದ್ದು ಭಾವನ ಮುಖ ಮಾಸುತ್ತಿರುವಾಗ, ಇನ್ನೊಂದು ಕಾರಣ ಬಂದು, ಬಾಗಿಲು ಬಡಿಯದೆ ಒಳಗೆ ಕುಳಿತಿತು. ಅಲ್ಲಿ ಏನೂ ಕೇಳಿಸಿರಲಿಲ್ಲ. ಖಾಲಿ ಇದೆ ಎಂದುಕೊಂಡು ತುಂಬಿದ್ದರು.

ಅಕ್ಕನಿಗೆ ಹೇಳಿಬಿಡಬೇಕೆಂದು ನಿರ್ಧರಿಸಿದರು. ಹೇಳುವ ಮಾತುಗಳನ್ನು ಬಸ್ಸಿನಲ್ಲಿ ಹುಮನಾಬಾದ ರಸ್ತೆಯುದ್ದಕ್ಕೂ ಜೋಡಿಸಿದರು. ಆದರೆ ಬಗಲಲ್ಲಿ ಚೀಲವಿತ್ತು. ಅದರಲ್ಲಿ ಹಿತ್ತಿಲಿನ ಆ ತುಣುಕೊಂದನ್ನೇ ಮತ್ತೆ ಮತ್ತೆ ಬರುವಂತೆ ತುಂಬಿದ ವೀಸೀಡಿ ಇತ್ತು. ಅದರ ಜೊತೆಗೆ ಹೆಡ್‌ಫೋನಿತ್ತು. ಯಾವುದನ್ನು ಒಯ್ಯುವುದೆಂಬ ಪ್ರಶ್ನೆ ಬೆಳಿಗ್ಗೆ ಅವರನ್ನು ಬಹಳ ಹೊತ್ತು ಕಾಡಿತ್ತು. ಕೆಲಸದ್ದರ ಹಿಡಿತ ಬಿಗಿ, ಅಕ್ಕನ ವಯಸ್ಸಿನ ತಲೆಗೆ ನೋವಾದೀತು, ಅದರ ತಂತಿ ಗಿಡ್ಡ, ಟೀವಿಯಿಂದ ಅವಳು ಕೂರುವ ಜಾಗಕ್ಕೆ ಮುಟ್ಟಲಿಕ್ಕಿಲ್ಲ, ಮೆತ್ತಗಿನದೇ ಲೇಸು. ಇಷ್ಟೆಲ್ಲ ಕಾರಣಗಳನ್ನು ಮಡಿಚಿ ಮಡಿಚಿ ಅವರು ಮಖಮಲ್ಲಿನದನ್ನು ಚೀಲದಲ್ಲಿಟ್ಟಿದ್ದರು. ನಿಜ ಹೇಳುವಂಥದು ಬ್ರಹ್ಮಪುರದ ಮೇಜಿನ ಮೇಲೆ, ತನ್ನ ಪೆಟ್ಟಿಗೆಯಲ್ಲಿ ಉಳಿಯಿತು. ಕಂಡಕ್ಟರು ಏನೋ ಕೇಳಿದ. ವ್ಯಾಸರಾಯರು ಊರ ಹೆಸರು ಹೇಳಿದರು. ಚಿಲ್ಲರೆ ಇದೆಯೇ ಎಂದು ಅವನು ಕೇಳಿದ್ದನಂತೆ. ಪಕ್ಕದವರು ತಿಳಿಸಿ ಹೇಳಿದರು, ಮಗುವಿಗೆ ಹೇಳುವಂತೆ, ತುಟಿಗಳನ್ನು ಅಗಲವಾಗಿ ಆಡಿಸಿ.

ಕಮಲಾಪುರದ ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಫೋನಿನಲ್ಲಿ ಅವರು ಬರುತ್ತೇನೆ ಎಂದಷ್ಟೇ ಹೇಳಿದ್ದರು. ಅವಳು ಅದನ್ನು ಸಿಕ್ಕಿದೆ ಎಂದು ಕೇಳಿಸಿಕೊಂಡಿದ್ದಳೆಂಬುದು ಅವಳ ಉಡುಗೆಯಿಂದಲೇ ಗೊತ್ತಾಗುತ್ತಿತ್ತು. ಊರಿಗೆ ಹೊರಡುವವಳಂತೆ ಗರಿಗರಿಯಾದ ಸೀರೆ ಉಟ್ಟಿದ್ದಳು. ಸೊಸೆಯನ್ನು ನೆರೆಮನೆಗೆ ಕಳುಹಿಸಿಬಿಟ್ಟಿದ್ದಳು. ನೀರು ಕುಡಿದಾದ ಮೇಲೆ ವ್ಯಾಸರಾಯರು, “ಅಕ್ಕಾ, ಅದೇನದಲ್ಲ, ಭಾಳ ಸೂಕ್ಷ್ಮ ಅದ,” ಎಂದು ಆರಂಭಿಸಿದರು. ಆಗಲೆಪ್ಪಾ, ಮೊದಲು ಹಚ್ಚು ಎಂದು ಅವಳು ಟೀವಿಯ ಮುಂದೆ ಮಣೆ ಹಾಕಿಕೊಂಡು ಕುಳಿತುಬಿಟ್ಟಳು. ಜೋಡಿಸಿಕೊಂಡು ಬಂದ ಮಾತುಗಳು ಚದರಿಹೋದವು. ವೀಸೀಡಿ ಹಾಕಿ, ತಂತಿಯನ್ನು ಟೀವಿಗೆ ಸಿಕ್ಕಿಸಿ, ಅವಳ ಹಣ್ಣಾದ ಕೂದಲಿನ ಮೇಲೆ ಹೆಡ್‌ಫೋನನ್ನು ಇಟ್ಟು, ಕಿವಿಯ ಹರಳುಗಳಿಗೆ ಒತ್ತದಂತೆ ಬಟ್ಟಲುಗಳನ್ನು ಸರಿಪಡಿಸಿದರು. ಅವಳ ಎಡಕ್ಕೆ ಜಾಗವಿರಲಿಲ್ಲ, ಕಪಾಟಿತ್ತು, ಬಲಕ್ಕೆ ಕುಳಿತರು. ಕುಳಿತ ಮೇಲೆಯೇ ಅವಳು ತಮ್ಮ ಎಡಗಡೆಗೆ ಬಂದಳೆಂಬುದು ಲಕ್ಷ್ಯಕ್ಕೆ ಬಂದದ್ದು.

ಬಾಳೆಯ ಗಿಡಗಳು ಬಂದವು. ಪ್ರಲ್ಹಾದರಾಯರು ಬಂದರು. ಅಕ್ಕ ಮುಂದೆ ಬಾಗಿದಳು. ಅವರ ತುಟಿ ತೆರೆದಾಗ ಅವಳ ತುಟಿಯೂ ತೆರೆಯಿತು, ಮುಚ್ಚಿದಾಗ ಮುಚ್ಚಿತು. ಅವರು ನಕ್ಕು, ಕೈಬೀಸಿ, ಮಾಯವಾಗಿ, ಮತ್ತೆ ಬಾಳೆಯ ಗಿಡಗಳ ನಡುವೆ ನಿಂತರು. ಮತ್ತೆ. ಮತ್ತೆ. ಅಡುಗೆಮನೆಯಿಂದ ಹಾಲು ಕಾಯುತ್ತಿರುವ ವಾಸನೆ ಬರುತ್ತಿತ್ತು. ಎಷ್ಟು ಸಲವಾಯಿತೋ, ಅವಳ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

“ಶಹನಾಯಿ ಛಂದ ಬಾರಿಸ್ಯಾನ,” ಎಂದಳು. ಕಿವಿ ಮುಚ್ಚಿಕೊಂಡವರು ಮಾತಾಡುವಂತೆ, ಓಣಿಗೆಲ್ಲ ಕೇಳಿಸುವಷ್ಟು ದೊಡ್ಡದಾಗಿ ಅಂದಳು. ಅಂದದ್ದು ದೊಡ್ಡದಾಯಿತೆಂದು ತಿಳಿಯದೆ ತಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ತಾನೇ ಹೆಡ್‌ಫೋನನ್ನು ತೆಗೆದು, ಎರಡೂ ಕೈಗಳಿಂದ ಹಿಡಿದು, ಮುಂಜಿಯ ವಟುವಿಗೆ ಟೊಪ್ಪಿಗೆ ಇಡುವಂತೆ ತಮ್ಮನ ತಲೆಗೆ ಇಟ್ಟಳು.

“ನನ್ನ ಕಿವಿಗೆ ಏನ್ ತಿಳೀತದ. ನೀ ಕೇಳು. ನಿಂದು ಟೆಲಿಫೋನಿನ ಕಿವಿ.”

ಬಟ್ಟಲುಗಳು ಅವಳ ಬಿಸಿಯಿಂದ ಇನ್ನೂ ಬೆಚ್ಚಗಿದ್ದವು. ಬಲಗಿವಿಯಲ್ಲಿ ಶಹನಾಯಿ, ಮಖಮಲ್ಲಿನ ಸಹವಾಸದಿಂದ ಇನ್ನಷ್ಟು ಮಧುರವಾಗಿ, ಯಾವ ಗೊರಗೊರವೂ ಇಲ್ಲದೆ, ಯಾರ ಉಸಿರೂ ಇಲ್ಲದೆ ನುಡಿಯುತ್ತಿತ್ತು. ಎಡಗಿವಿಯಲ್ಲಿ ಏನೂ ಇರಲಿಲ್ಲ. ಅಕ್ಕನ ತುಟಿ ಅಲುಗಿತು: ಏನಂತಾರ? ದನಿ ಬರಲಿಲ್ಲ, ತುಟಿಯಿಂದಲೇ ತಿಳಿಯಿತು. ಪರದೆಯ ಮೇಲೆ ಭಾವ ಬಾಯಿ ತೆರೆದರು. ಅಕ್ಕನ ಕಣ್ಣು ಪರದೆಯ ಮೇಲಿರಲಿಲ್ಲ, ತಮ್ಮನ ಮೇಲಿತ್ತು. ಇಲ್ಲ ಎನ್ನಬೇಕಾಗಿತ್ತು. ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದಾದರೂ ಉಳಿದಿದ್ದರೆ ಅದನ್ನು ಹೇಳಬೇಕಾಗಿತ್ತು. ಭಾವನ ತುಟಿ ಎರಡನೆಯ ಸಲ ತೆರೆಯಿತು, ಮುಚ್ಚಿತು; ಅದರ ಆಕಾರಕ್ಕೆ ಹೊಂದುವ ಯಾವುದೋ ಎರಡಕ್ಷರ, ಬಾಲ್ಯದಿಂದ ನಾಲಗೆಯ ತುದಿಯಲ್ಲೇ ಇದ್ದದ್ದು, ತಾನಾಗಿಯೇ ಹೊರಬಿತ್ತು.

“ನಿನ್ನಽ ಕರೀತಾರ ಅಕ್ಕಾ. ಗೋದಾ, ಇಲ್ಲಿ ಬಾ, ಅಂತಾರ.”

ಹೇಳಿದ ಮೇಲೆ ಆ ಹೆಸರು ಆ ಪಡಸಾಲೆಯಲ್ಲಿ, ಅತ್ತೆ ಗೋದಾವರಿಬಾಯಿಯವರ ಮಾಲೆ ಹಾಕಿದ ಫೋಟೋದ ಕೆಳಗೆ, ಕರೆಯದೆ ಬಂದವನಂತೆ ನಿಂತಿತು. ತಾಯಿಯ ಹೆಸರನ್ನು ಭಾವ ಬಾಳೆಯ ಗಿಡದ ನಡುವೆ ನಿಂತು ಹೆಂಡತಿಗೆ ಕೂಗಿದರಂತೆ. ಸಾವಿತ್ರಿ ಎಂದು ಕೂಡ ಕರೆಯದವರು ಗೋದಾ ಎಂದರಂತೆ. ಒಳಗ ಯಾರದಾರ ಎಂದಿದ್ದರೆ ಸಾಕಾಗಿತ್ತು. ಅಷ್ಟು ವರ್ಷ ಕೇಳಿದ ಕರೆ, ಯಾರೂ ಅಲ್ಲಗಳೆಯಲಾರದ ಕರೆ, ಬೆಳಿಗ್ಗೆಯೂ ನೆನಪಿದ್ದದ್ದು, ಬೇಕಾದ ಗಳಿಗೆಯಲ್ಲಿ ಬಂದಿರಲಿಲ್ಲ.

ಅಕ್ಕ ಅವರನ್ನೇ ನೋಡಿದಳು. ಊಟವಾಯಿತೇ ಎಂದು ಕೇಳಿದಾಗ, ಆಟದ ಅವಸರದಲ್ಲಿ ಆಯಿತೆಂದು ಸುಳ್ಳು ಹೇಳುತ್ತಿದ್ದ ಚಡ್ಡಿಯ ವ್ಯಾಸನನ್ನು ಅವಳು ಹೀಗೆಯೇ ನೋಡುತ್ತಿದ್ದಳು. ನೋಡಿ, ಏನೂ ಅನ್ನದೆ, ತಟ್ಟೆ ಹಾಕುತ್ತಿದ್ದಳು. ಈಗ ಏನೋ ಅಂದಳು. ತುಟಿ ಎರಡು ಸಲ ತೆರೆದು ಮುಚ್ಚಿತು. ಬಾಯಿಯ ತುದಿಯಲ್ಲಿ ನಗುವಿನಂಥದು ಬಂದು ಹೋಯಿತು. ವ್ಯಾಸರಾಯರ ಎಡಗೈ ತಾನಾಗಿ ಮೇಲೆದ್ದಿತು. ಹೆಡ್‌ಫೋನನ್ನು ತೆಗೆಯಬೇಕಾಗಿತ್ತು, ಕೈ ತೆಗೆಯಲಿಲ್ಲ. ಸೊಲ್ಲಾಪುರದ ಲೈನು ಕ್ಷೀಣಿಸಿದಾಗ ಬಟ್ಟಲನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದ ಕೈ ಅದು. ಹಾಗೆಯೇ ಒತ್ತಿ ಹಿಡಿಯಿತು, ಇನ್ನಷ್ಟು ಬಿಗಿಯಾಗಿ.

“ಹೂಂ,” ಎಂದರು.

ಅಕ್ಕ ಆ ಕೈಯನ್ನು ನೋಡಿದಳು. ಅಂದದ್ದನ್ನು ಎರಡನೆಯ ಸಲ ಅನ್ನಲಿಲ್ಲ. ಮೊಳಕಾಲಿನ ಮೇಲೆ ಕೈಯೂರಿ ಎದ್ದು, ತಂತಿಯನ್ನು ಎಡವದಂತೆ ಸೀರೆಯ ನೆರಿಗೆ ಎತ್ತಿಕೊಂಡು ದಾಟಿ, ಹಾಲು ಉಕ್ಕುವ ಮೊದಲೇ ಇಳಿಸಲು ಒಳಗೆ ಹೋದಳು. ಪರದೆಯ ಮೇಲೆ ಬಾಳೆಯ ಎಲೆಯ ನೆರಳು ಸರಿಯಿತು. ಪ್ರಲ್ಹಾದರಾಯರು ಕೆಂಪು ಹಣ್ಣು ಹಿಡಿದು ನಿಂತು, ವ್ಯಾಸರಾಯರ ಹೆಗಲ ಪಕ್ಕದಿಂದ ಆಚೆಗೆ, ಈಗ ಯಾರೂ ಕುಳಿತಿರದ ಮಣೆಯ ಕಡೆಗೆ ನೋಡಿ, ಬಾಯಿ ತೆರೆದರು.